ಹಗೇವಿಗೆ ಇಳಿಯುತ್ತಿದ್ದ ಆದೆಮ್ಮ

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಂಡಿದಾರಿಯಲ್ಲಿ, ಲಿಂಗಸುಗೂರು ತಾಲೂಕು ಮುಗಿಯುವ ಕಡೆ, ಬೆಳ್ಳಿದಿನ್ನಿ ಎಂಬ ಊರು. ಊರಿನ ಪಡುವಣಕ್ಕೆ ಒಂದು ದಿಬ್ಬ. ಹೊರಗಿನಿಂದ ಬಂದವರ ಕಣ್ಣಿಗೆ ಅದು ನಾಲ್ಕು ಬೇವಿನ ಮರ ನಿಂತ ಬರೀ ದಿಬ್ಬ. ಊರವರಿಗೆ ಮಾತ್ರ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಗೊತ್ತಿತ್ತು. ಅಲ್ಲಿ ನೆಲದೊಳಗೆ ಹಗೇವುಗಳಿದ್ದವು. ಬಾಯಿ ಕಿರಿದು, ಒಳಗೆ ಕೊಡದ ಹಾಗೆ ಅಗಲ, ಇಬ್ಬರು ಆಳು ಒಬ್ಬರ ಮೇಲೊಬ್ಬರು ನಿಂತರೂ ಮುಗಿಯದಷ್ಟು ಆಳ. ಸುಗ್ಗಿ ಮುಗಿದ ಮೇಲೆ ಒಳಗೋಡೆಗೆ ಹುಲ್ಲು ಒತ್ತಿ, ಬಿಳಿಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಆಯಿತು. ಮೇಲೆ ದನ ಓಡಾಡುತ್ತಿದ್ದವು, ಮಳೆ ಸುರಿಯುತ್ತಿತ್ತು, ಮಕ್ಕಳು ಆಡುತ್ತಿದ್ದರು. ಕೆಳಗೆ ಜೋಳ ವರ್ಷಗಟ್ಟಲೆ ಕೆಡದೆ ಮಲಗಿರುತ್ತಿತ್ತು.

ಹಗೇವು ತೆರೆದಾಗ ಒಳಗೆ ಇಳಿಯುವವಳು ಆದೆಮ್ಮ. ಅದು ಅವಳ ಅಪ್ಪ ಗದ್ದೆಪ್ಪನ ಕೆಲಸ. ಗಂಡುಮಕ್ಕಳಿಲ್ಲದ ಗದ್ದೆಪ್ಪ, ತನ್ನ ಮೊಣಕಾಲು ಹಿಡಿದುಕೊಂಡ ವರ್ಷ, ಸಣ್ಣ ಮೈಯ ಮಗಳ ನಡುವಿಗೆ ಹಗ್ಗ ಕಟ್ಟಿ ಇಳಿಸಿದ್ದ. ಮದುವೆಯಾದ ಮೇಲೂ ಅವಳು ಊರು ಬಿಡಲಿಲ್ಲ. ಕುರಿ ಕಾಯುವ ಹೊನ್ನೂರಪ್ಪ ಮನೆಅಳಿಯನಾಗಿ ಬಂದು ಸೇರಿಕೊಂಡ.

ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ಚಪ್ಪಡಿ ಸರಿಸಿದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅರ್ಧ ದಿನ ಬಾಯಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು, ದೀಪ ಆರದೆ ಉಳಿದರೆ ಮಾತ್ರ ಆದೆಮ್ಮ ಸೀರೆ ಕಚ್ಚೆ ಹಾಕಿ ಹಗ್ಗ ಹಿಡಿಯುತ್ತಿದ್ದಳು. ಕೆಳಗೆ ಜೋಳ ಬೆಚ್ಚಗಿರುತ್ತಿತ್ತು, ಮಲಗಿದ ಆಕಳ ಮೈಯ ಹಾಗೆ. ತಲೆಯ ಮೇಲೆ ಎಲ್ಲೋ ದೂರದಲ್ಲಿ ಬಾಯಿಯ ಬೆಳಕು ದುಂಡಗೆ ಬಿಳಿಯಾಗಿ ತೇಲುತ್ತಿತ್ತು. ಮೇಲಿನವರ ಮಾತು ಬಾವಿಯ ನೀರಿನೊಳಗೆ ಮುಳುಗಿ ಕೇಳಿದ ಹಾಗೆ ದಪ್ಪಗೆ, ಮೆಲ್ಲಗೆ ಬರುತ್ತಿತ್ತು. ಬುಟ್ಟಿ ತುಂಬಿ ತುಂಬಿ ಕಳಿಸುತ್ತ ಅವಳಿಗೆ ಕಣ್ಣು ಎಳೆಯುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ಏನೇನೋ ಕಾಣುತ್ತಿದ್ದವು. ಮುಖವೇ ನೆನಪಿಲ್ಲದ ಅವ್ವ ತೆನೆಯ ನಡುವೆ ನಡೆದು ಹೋಗುವಳು. ಮಸ್ಕಿಯ ಗುಡ್ಡ ಎದ್ದು ಹಳ್ಳಕ್ಕೆ ನೀರು ಕುಡಿಯಲು ಬರುವುದು. ಕುರಿಗಳು ಮಾತಾಡುವವು.

"ಏ ಆದೆವ್ವಾ! ಮಕ್ಕೊಂಡಿಯೇನ ಬೇ?" ಎಂದು ಮೇಲಿಂದ ವೀರಭದ್ರಮ್ಮ ಕೂಗುತ್ತಿದ್ದಳು.

"ಇಲ್ರೀ ಅವ್ವಾರ, ಬುಟ್ಟಿ ಬಿಡ್ರಿ."

ವೀರಭದ್ರಮ್ಮ ಊರಿನ ದೊಡ್ಡ ಹೊಲಗಳ ಒಡತಿ. ಗಂಡ ತೀರಿಕೊಂಡ ಮೇಲೆ ಒಕ್ಕಲುತನ ಅವಳೇ ನಡೆಸುತ್ತಿದ್ದಳು. ಹಗೇವಿನಲ್ಲಿ ಕಂಡದ್ದನ್ನು ಆದೆಮ್ಮ ಹೇಳಿದರೆ ನಕ್ಕು ನಕ್ಕು ಕೂಲಿಯ ಮೊರದಲ್ಲಿ ಒಂದು ಹಿಡಿ ಜೋಳ ಹೆಚ್ಚಿಗೆ ಹಾಕುತ್ತಿದ್ದಳು. ಆದರೆ ಕೆಟ್ಟ ವರ್ಷದಲ್ಲಿ ಅದೇ ವೀರಭದ್ರಮ್ಮನ ಅಂಗಳದಲ್ಲಿ ಸೆರಗೊಡ್ಡಿ ನಿಲ್ಲಬೇಕಾಗುತ್ತಿತ್ತು. ಒಂದು ಚೀಲ ಒಯ್ದವರು ಸುಗ್ಗಿಯಲ್ಲಿ ಒಂದೂವರೆ ಚೀಲ ತಂದು ಹಾಕಬೇಕು. ಆದೆಮ್ಮನೂ ಹಾಗೆ ನಿಂತಿದ್ದಳು. ತಾನೇ ಇಳಿದು ತುಂಬಿದ ಜೋಳವನ್ನು ತಲೆ ಬಗ್ಗಿಸಿ ಬೇಡುವುದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಸಿಂಧನೂರಿನ ಕಚೇರಿಯ ಮೇಲೆ ಬಾವುಟ ಬದಲಾಗಿ ಒಂದು ವರ್ಷವಾಗಿತ್ತು. ನಿಜಾಮನ ಕಾಲದ ಲೇವಿ ಮಾತ್ರ ಬದಲಾಗಲಿಲ್ಲ. ಹೊಲ ಮಾಡಿದವರೆಲ್ಲ ಇಷ್ಟು ಧಾನ್ಯ ಸರಕಾರಕ್ಕೆ ಹಾಕಲೇಬೇಕು, ಸರಕಾರ ಹೇಳಿದ ದರಕ್ಕೇ ಹಾಕಬೇಕು. ಆ ಬೇಸಿಗೆಯಲ್ಲಿ ಅದಕ್ಕೆ ಇನ್ನೊಂದು ಹುಕುಂ ಸೇರಿತು. ಮುಂದಿನ ಸುಗ್ಗಿಯ ತನಕ ಮನೆಮಂದಿಗೆ ಸಾಲುವಷ್ಟು ಇಟ್ಟುಕೊಂಡು, ಹಗೇವಿನಲ್ಲಿರುವ ಹಳೆಯ ಜೋಳವನ್ನೆಲ್ಲ ಒಪ್ಪಿಸಬೇಕು. ಬಚ್ಚಿಟ್ಟವರಿಗೆ ಜೈಲು. ಹಾಗಂತ ಡಂಗುರ ಸಾರಿದರು.

ಹುಕುಂ ಹಿಡಿದು ಬಂದವನು ಗಿರ್ದಾವರ, ಕಂದಾಯ ಕಚೇರಿಯ ತರುಣ ಅಧಿಕಾರಿ. ತೆಳ್ಳಗೆ, ಧೂಳು ತುಂಬಿದ ಸೈಕಲ್ಲಿನಲ್ಲಿ ಬರುತ್ತಿದ್ದ. ಯಾರನ್ನೂ ಬೈಯುತ್ತಿರಲಿಲ್ಲ. ಬೇವಿನ ನೆರಳಲ್ಲಿ ನಿಂತು ಊರವರಿಗೆ ಹೇಳಿದ: "ಹೈದರಾಬಾದಿನಾಗ ರೇಷನ್ ಅಂಗಡಿ ಮುಂದ ಹೆಣ್ಮಕ್ಕಳು ನಿಂತ ನಿಂತಲ್ಲೇ ಬಿದ್ದದ್ದು ನಾ ನೋಡೀನಿ. ಇಲ್ಲಿ ನೋಡಿದ್ರ ನೀವು ಜ್ವಾಳ ಮಣ್ಣಾಗ ಹೂತು ಅದರ ಮ್ಯಾಲ ಕುಂತೀರಿ."

ಹೊಸ ಹಗೇವುಗಳ ಬಾಯಿ ಕಾಣುತ್ತಿತ್ತು, ಅವನ್ನು ತೆರೆದರು. ಹಳೆಯವುಗಳ ಮೇಲೆ ಹುಲ್ಲು ಬೆಳೆದು ಗುರುತೇ ಇರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಆಗ ಗಿರ್ದಾವರ ಆದೆಮ್ಮನ ಗುಡಿಸಲಿಗೆ ಬಂದ.

"ನೆಲದ ಮ್ಯಾಲ ನಡದ್ರ ಕೆಳಗ ಟೊಳ್ಳು ಐತೋ ಗಟ್ಟಿ ಐತೋ ನಿನಗ ತಿಳಿತೈತಂತ, ಖರೇನ?"

"ಖರೆ ಐತ್ರೀ ಸಾಹೇಬ್ರ." ಅವಳು ನಾಚಿದಳು. "ಆದ್ರ ಜ್ವಾಳ ಎಲ್ಲಾ ಒಯ್ದ ಮ್ಯಾಲ ಮಳಿ ಹೋತಂದ್ರ?"

"ಮಸ್ಕಿಯಾಗ ಸರಕಾರಿ ಅಂಗಡಿ ತೆರಿತೀವಿ. ಕಾರ್ಡು ತೋರಿಸಿದ್ರ ಸೋವಿ ದರಕ್ಕ ಜ್ವಾಳ. ಇನ್ನ ಮುಂದ ಯಾರ ಅಂಗಳದಾಗೂ ಸೆರಗು ಒಡ್ಡೂದು ಬ್ಯಾಡ."

ಆ ಮಾತು ಹೇಳುವಾಗ ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಅವನು ಅದನ್ನು ನಂಬಿದ್ದ.

ಅವನು ಹೋದ ಮೇಲೆ, ಮೂಲೆಯಲ್ಲಿ ಕೂತಿದ್ದ ಗದ್ದೆಪ್ಪ ಮೆಲ್ಲಗೆ ಹೇಳಿದ: "ಬ್ಯಾಡ ಮಗಳ. ನಮ್ಮವ್ವ ದೊಡ್ಡ ಬರ ಕಂಡಾಕಿ. ಆಗ ಉಳದವ್ರೆಲ್ಲ ಹಗೇವಿನ ಜ್ವಾಳದಿಂದ ಉಳದವ್ರು. ಕೆಲವ್ರು ಬೇಡಿ ಇಸಗೊಂಡ್ರು, ಕೆಲವ್ರು ಕದ್ದು ತಿಂದ್ರು. ಹ್ಯಾಂಗಾರ ಆಗಲಿ, ಜ್ವಾಳ ಊರಾಗಿತ್ತು."

"ಅಂಗಡಿ ಹಾಕ್ತಾರಂತಲ್ಲ ಯಪ್ಪಾ."

"ಹಾಕ್ಲಿ. ಮದ್ಲ ಹಾಕ್ಲಿ, ಆಮ್ಯಾಲ ತೋರಸು."

ಅವಳು ಕಾಯಲಿಲ್ಲ. ಮರುದಿನ ಬಿಸಿಲೇರುವ ಮುಂಚೆ ಬರಿಗಾಲಲ್ಲಿ ದಿಬ್ಬದ ಮೇಲೆ ನಡೆದಳು. ಹಿಂದೆ ಗಿರ್ದಾವರ, ಅವನ ಹಿಂದೆ ಗುದ್ದಲಿ ಹಿಡಿದ ಆಳುಗಳು. ಅಂಗಾಲಿನ ಕೆಳಗೆ ನೆಲ ಎಲ್ಲಿ ತುಸು ತೆಳ್ಳಗೆ ಸದ್ದು ಮಾಡುತ್ತದೋ ಅಲ್ಲಿ ನಿಲ್ಲುತ್ತಿದ್ದಳು. ನಿಂತಲ್ಲಿ ಅವರು ಸುಣ್ಣದ ಗುರುತು ಹಾಕುತ್ತಿದ್ದರು. ಅವಳಿಗೆ ಅದು ಕನಸಿನಲ್ಲಿ ನಡೆದ ಹಾಗಿತ್ತು. ಕಾಲು ತಾನಾಗಿ ಒಯ್ಯುತ್ತಿತ್ತು, ಅವಳು ಹಿಂದೆ ಹಿಂದೆ ಹೋಗುತ್ತಿದ್ದಳು. ದಿಬ್ಬ ಇಳಿದು, ಬೇಲಿ ದಾಟಿ, ವೀರಭದ್ರಮ್ಮನ ದನದ ಕೊಟ್ಟಿಗೆಯೊಳಗೆ ಹೋಗಿ ಗೋದಲಿಯ ಪಕ್ಕ ನಿಂತಾಗ ಮಾತ್ರ ಎಚ್ಚರವಾಯಿತು. ಅದು ಊರಿನ ಅತಿ ಹಳೆಯ ಹಗೇವು. ವೀರಭದ್ರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ.

"ಒಯ್ಲಿ ಬಿಡವ್ವ. ಹಗ್ಗ ಸರಿಯಾಗಿ ಕಟಗೊಂಡು ಇಳಿ" ಎಂದಳು.

ಎಷ್ಟೋ ವರ್ಷಗಳ ಜೋಳ ಒಂದೇ ವಾರದಲ್ಲಿ ಮೇಲೆ ಬಂತು. ಲಿಂಗಸುಗೂರಿಗಿಂತ ಸಿಂಧನೂರಿನ ದಾರಿ ಬಂಡಿಗೆ ಸಲೀಸೆಂದು ಎಲ್ಲವನ್ನೂ ಅಲ್ಲಿಯ ಸರಕಾರಿ ಗೋದಾಮಿಗೆ ಹೊರಡಿಸಿದರು. ಬಂಡಿಗಳು ಒಂದರ ಹಿಂದೆ ಒಂದು ಹಳ್ಳ ದಾಟಿ ಹೋದವು. ಎದ್ದ ಧೂಳು ಬಹಳ ಹೊತ್ತು ಕೆಳಗಿಳಿಯಲಿಲ್ಲ, ಸಂಜೆಯ ಬೆಳಕಿನಲ್ಲಿ ಹೊನ್ನಿನ ಹೊಗೆಯ ಹಾಗೆ ತೂಗಾಡುತ್ತಿತ್ತು. ಆದೆಮ್ಮನಿಗೆ ಅದು ಚೆಂದ ಕಂಡಿತು.

ಮುಂದಿನ ವರ್ಷ ಹಸ್ತಿ ಮಳೆ ಬರಲಿಲ್ಲ, ಚಿತ್ತಿ ಮಳೆಯೂ ಬರಲಿಲ್ಲ. ಎರೆಹೊಲ ಬಾಯಿ ಬಿಟ್ಟಿತು. ಬಿತ್ತಿದ ಜೋಳ ಮೊಣಕಾಲುದ್ದ ಎದ್ದು ಒಣಗಿ ನಿಂತಿತು. ಆದರೂ ಲೇವಿಯವರು ಬಂದರು. ಹೊಲ ಎಷ್ಟು ಎಕರೆ ಎಂದು ನೋಡಿ ಲೇವಿ ಕಟ್ಟಿದ್ದರು, ತೆನೆ ಎಷ್ಟು ಎಂದು ನೋಡಿರಲಿಲ್ಲ. ಕೆಲವರು ಬೀಜದ ಜೋಳ ಕೊಟ್ಟರು. ಕೆಲವರು ಎಲ್ಲಿಂದಲೋ ದುಬಾರಿ ಬೆಲೆಗೆ ಕದ್ದುಮುಚ್ಚಿ ಜೋಳ ಕೊಂಡು ತಂದು ಅಗ್ಗದ ದರಕ್ಕೆ ಸರಕಾರಕ್ಕೆ ಹಾಕಿದರು. ಇಲ್ಲವಾದರೆ ಎತ್ತು ಜಪ್ತಿ. ಮಸ್ಕಿಯ ಸಂತೆಯಲ್ಲಿ ಜೋಳದ ಸಾಲು ಖಾಲಿಯಾಯಿತು. ದರ ಕಟ್ಟಿಹಾಕಿದ್ದರಿಂದ ಸಂತೆಗೆ ಮಾಲು ತರುವ ವ್ಯಾಪಾರಿಯೇ ಇಲ್ಲ. ಇದ್ದವರು ರಾಶಿ ಮಾಡಿದ್ದನ್ನು ಹೆಚ್ಚು ಬೆಲೆ ಸಿಗುವ ಕಡೆಗೆ ಕದ್ದು ಸಾಗಿಸಿದರು.

ಮಸ್ಕಿಯಲ್ಲಿ ಸರಕಾರಿ ಅಂಗಡಿ ತೆರೆದದ್ದು ಸುಳ್ಳಲ್ಲ. ಬೋರ್ಡು ಇತ್ತು, ತಕ್ಕಡಿ ಇತ್ತು. ಒಮ್ಮೆ ಹಡಗಿನಲ್ಲಿ ಬಂದ ಕೆಂಪು ಜೋಳ ಕೊಟ್ಟರು, ಬೇಯಿಸಿದರೆ ಹುಳಿ ವಾಸನೆ. ಆಮೇಲೆ ಹೋದಾಗಲೆಲ್ಲ ಒಂದೇ ಮಾತು, "ಮಾಲು ಬಂದಿಲ್ಲ."

ಅದರ ಮರುವರ್ಷವೂ ಮಳೆ ಹೋಯಿತು.

ಹೊನ್ನೂರಪ್ಪನ ಕುರಿಗಳು ಒಂದೊಂದಾಗಿ ಬಿದ್ದವು. ಉಳಿದವನ್ನು ಬಂದ ಬೆಲೆಗೆ ಕೊಟ್ಟು ಅವನು ಹಟ್ಟಿಗೆ ಹೋದ. ಅಲ್ಲಿ ಬಂಗಾರದ ಗಣಿಯಲ್ಲಿ ಕೆಲಸ ಮಾಡುವವರಿಗೆ ಕಂಪನಿಯೇ ವಾರವಾರ ಧಾನ್ಯ ಅಳೆದು ಕೊಡುತ್ತಿತ್ತು. ತನ್ನ ಪಾಲಿನಲ್ಲಿ ಉಳಿಸಿ, ಆ ಕಡೆಯಿಂದ ಬರುವ ಯಾರ ಕೈಯಲ್ಲಾದರೂ ಒಂದು ಗಂಟು ಕಳಿಸುತ್ತಿದ್ದ. ಗಂಟು ದಾರಿಯಲ್ಲಿ ಸಣ್ಣದಾಗುತ್ತಿತ್ತು. ತಂದವರನ್ನು ಆದೆಮ್ಮ ಏನೂ ಕೇಳುತ್ತಿರಲಿಲ್ಲ.

ಹುಣಸೆಬೀಜ ಹುರಿದು ಕುಟ್ಟಿ ನುಚ್ಚಿನಲ್ಲಿ ಬೆರೆಸಿ ಮೂರು ಹೊತ್ತನ್ನು ಒಂದು ಹೊತ್ತು ಮಾಡಿದಳು. ಗದ್ದೆಪ್ಪ ಗಂಗಾಳ ದೂರ ಸರಿಸುತ್ತಿದ್ದ. "ಮಠದಾಗ ಅಂಬಲಿ ಕುಡದು ಬಂದೀನಿ, ನೀ ಉಣ್ಣು" ಎನ್ನುತ್ತಿದ್ದ. ಮುಖದಲ್ಲಿ ತೃಪ್ತಿ ಇರುತ್ತಿತ್ತು, ತುಟಿಗೆ ಅಂಬಲಿಯ ಬಿಳಿ ಕೂಡ ಅಂಟಿರುತ್ತಿತ್ತು. ಬಹಳ ದಿನಗಳ ಮೇಲೆ, ಮಠದಲ್ಲಿ ಒಲೆ ಹಚ್ಚುವುದೇ ನಿಂತಿದೆ ಎಂದು ಅವಳಿಗೆ ಯಾರೋ ಹೇಳಿದರು. ಹುಡುಕಿಕೊಂಡು ಹೋದರೆ ಅಪ್ಪ ದಿಬ್ಬದ ಮೇಲೆ, ತೆರೆದು ಬಿಟ್ಟ ಹಗೇವಿನ ಬಾಯಿಯ ಹತ್ತಿರ ಕೂತಿದ್ದ. ಸುಣ್ಣದ ಚೂರನ್ನು ಬೆರಳಲ್ಲಿ ತುಟಿಗೆ ಒರೆಸಿಕೊಳ್ಳುತ್ತಿದ್ದ.

"ಯಪ್ಪಾ, ಏನ್ ಮಾಡಾಕತ್ತಿ?"

ಅವನು ಸಿಕ್ಕಿಬಿದ್ದ ಮಗುವಿನ ಹಾಗೆ ನಕ್ಕ. "ವಾಸನಿ ನೋಡಾಕತ್ತೀನಿ ಮಗಳ. ಇನ್ನೂ ಐತಿ. ಬಗ್ಗಿ ನೋಡು."

ಅವಳು ಬಗ್ಗಿದಳು. ಖಾಲಿ ಹಗೇವಿನ ಆಳದಿಂದ ಹಳೆಯ ಹುಲ್ಲಿನ, ಹಳೆಯ ಜೋಳದ ಬೆಚ್ಚನೆಯ ವಾಸನೆ ಬಂತು. ಇಬ್ಬರೂ ಅಲ್ಲೇ ಕೂತರು. ಮಧ್ಯಾಹ್ನದ ಬಿಸಿಲಲ್ಲಿ ದೂರದ ಹೊಲಗಳ ಮೇಲೆ ಇಲ್ಲದ ನೀರು ಹೊಳೆಯುತ್ತಿತ್ತು. ಗದ್ದೆಪ್ಪ ಅದನ್ನು ನೋಡುತ್ತ, ತಾನು ಮೊದಲ ಸಲ ಇಳಿದ ಹಗೇವಿನ ಕತೆ ಹೇಳಿದ. ಹಗ್ಗ ಎಷ್ಟು ಬಿಟ್ಟರೂ ಕಾಲಿಗೆ ಜೋಳ ಸಿಗಲಿಲ್ಲವಂತೆ, ಕೆಳಗೆ ಕೆಳಗೆ ಹೋದನಂತೆ, ಅಲ್ಲಿ ಒಂದು ಊರೇ ಇತ್ತಂತೆ. ಕತೆಯ ನಡುವೆ ಮಗಳ ಭುಜಕ್ಕೆ ತಲೆ ಆನಿಸಿದ. ನಿದ್ದೆ ಹತ್ತಿತೆಂದು ಅವಳು ಅಲುಗಾಡದೆ ಕೂತಳು. ನೆರಳು ಆಚೆಗೆ ಸರಿದು ಬಿಸಿಲು ಅವನ ಮುಖಕ್ಕೆ ಬಿದ್ದಾಗ, ಎಬ್ಬಿಸಲು ಹೋದರೆ ಅವನು ಏಳಲಿಲ್ಲ.

ಅಪ್ಪನನ್ನು ಮಣ್ಣು ಮಾಡಿದ ಮೇಲೆ ಆದೆಮ್ಮ ವೀರಭದ್ರಮ್ಮನ ಕೊಟ್ಟಿಗೆಗೆ ಹೋದಳು. ದನಗಳಿರಲಿಲ್ಲ. ಖಾಲಿ ಗೋದಲಿಯ ಅಂಚಿಗೆ ಆ ಹೆಂಗಸು ಒಬ್ಬಳೇ ಕೂತಿದ್ದಳು. ಕೈಯ ಬೆಳ್ಳಿ ಕಡಗ ಮೊಣಕೈ ತನಕ ಜಾರುವಷ್ಟು ಸೊರಗಿದ್ದಳು.

"ನಾ ತೋರಸಬಾರದಿತ್ರೀ ಅವ್ವಾರ."

"ನೀ ತೋರಸದಿದ್ರ ಕಬ್ಬಿಣದ ಸಲಾಕಿ ಚುಚ್ಚಿ ಹುಡುಕ್ತಿದ್ರು. ಬ್ಯಾರೆ ಊರಾಗ ಹಂಗ ಮಾಡ್ಯಾರ." ವೀರಭದ್ರಮ್ಮ ಜಾರಿದ ಕಡಗವನ್ನು ಮಣಿಕಟ್ಟಿಗೆ ಸರಿಸಿಕೊಂಡಳು. "ನಾನೂ ಒಂದಕ್ಕ ಒಂದೂವರಿ ತಗೊಂಡಾಕಿ ಆದೆವ್ವ. ನೀ ಆ ಸಾಹೇಬನ ಮಾತಿಗೆ ಮನಸ್ಸು ಕೊಟ್ಟಿ ಅಂದ್ರ ಅದರಾಗ ನಂದೂ ಪಾಲೈತಿ. ಕುಂದರು."

ಆದೆಮ್ಮ ಅವಳ ಪಕ್ಕ ಕೂತಳು. ಗೋದಲಿಯ ಅಂಚಿನಲ್ಲಿ ಇಬ್ಬರೂ ಸಮನಾಗಿ ಕೂತದ್ದು ಅದೇ ಮೊದಲು.

ಅದೇ ದಿನಗಳಲ್ಲಿ ಸುದ್ದಿ ಬಂತು. ಸಿಂಧನೂರಿನ ಗೋದಾಮಿನಲ್ಲಿ ಜೋಳ ಹಸನು ಮಾಡಲು ಹೆಣ್ಣಾಳು ಬೇಕಂತೆ. ಆದೆಮ್ಮ ಊರಿನ ನಾಲ್ಕಾರು ಹೆಂಗಸರ ಜೊತೆ ನಸುಕಿನಲ್ಲಿ ಹೊರಟಳು. ಎರಡು ತಾಲೂಕಿನ ಗಡಿಯಲ್ಲಿ ಒಣಗಿದ ಹಳ್ಳ. ಹಳ್ಳದ ಈಚೆ ದಡದಲ್ಲಿ ದಾರಿಗೆ ಅಡ್ಡ ಒಂದು ಬಿದಿರ ಗಳ, ಪಕ್ಕದಲ್ಲಿ ತಟ್ಟಿಯ ಗುಡಿಸಲು. ಅದು ನಾಕಾ. ಒಂದು ತಾಲೂಕಿನ ಧಾನ್ಯ ಇನ್ನೊಂದಕ್ಕೆ ಪರ್ಮಿಟ್ ಇಲ್ಲದೆ ದಾಟಬಾರದೆಂದು ಹಾಕಿದ್ದು. ಅಲ್ಲಿಯ ಜವಾನ ಶೇಕ್ಷಾವಲಿ ಬರಿಗೈಯಲ್ಲಿ ಹೋಗುವ ಹೆಂಗಸರನ್ನು ನೋಡಿ ಗಳ ಎತ್ತಿದ.

ಗೋದಾಮು ಉದ್ದನೆಯ ತಗಡಿನ ಕಟ್ಟಡ. ಒಳಗೆ ಚೀಲಗಳು ಸೂರಿಗೆ ಮುಟ್ಟುತ್ತಿದ್ದವು. ಬಾಗಿಲು ತೆರೆದಾಗ ಹೊರಬಂದ ವಾಸನೆಗೆ ಹೆಂಗಸರು ಸೆರಗು ಮೂಗಿಗೆ ಒತ್ತಿಕೊಂಡರು. ಮೊದಲ ವರ್ಷದ ಮಳೆಗೆ ತಗಡು ಸೋರಿತ್ತು, ಆಮೇಲೆ ಎರಡು ಬೇಸಿಗೆಯ ಕಾವು. ತಳದ ಚೀಲಗಳಲ್ಲಿ ಜೋಳ ಮೊಳೆತು, ಒಣಗಿ, ಹೆಂಟೆಗಟ್ಟಿತ್ತು. ನುಸಿ ಚೀಲದ ಮೇಲೆ ಕಪ್ಪು ನೀರಿನ ಹಾಗೆ ಹರಿಯುತ್ತಿತ್ತು. ಆದೆಮ್ಮ ಒಂದು ಚೀಲದೊಳಗೆ ಕೈ ಹಾಕಿದಳು. ಬಿಸಿಯಿತ್ತು, ಜ್ವರ ಬಂದವರ ಹಣೆಯ ಬಿಸಿ. ಕೈ ಹಿಂದೆಗೆದುಕೊಂಡಳು.

ದಿನವೆಲ್ಲ ಕೇರಿದರು, ಜರಡಿ ಹಿಡಿದರು. ನೆಟ್ಟಗಿದ್ದದ್ದನ್ನು ಮತ್ತೆ ಚೀಲಕ್ಕೆ ತುಂಬಿದರು. ಅದು ಪಟ್ಟಣದ ರೇಷನ್ನಿಗೆ. ಕೆಟ್ಟದ್ದನ್ನು ಹಿತ್ತಲಿಗೆ ಸುರಿದರು. ಮನುಷ್ಯರು ತಿನ್ನುವಂಥದ್ದಲ್ಲ, ದನಕ್ಕೆ ಹಾಕುವವರು ಒಯ್ಯಲಿ ಎಂದು ಬಿಟ್ಟದ್ದು. ದನ ಇದ್ದವರು ಯಾರೂ ಇರಲಿಲ್ಲ. ಸಂಜೆ ಕೂಲಿ ರೊಕ್ಕದಲ್ಲಿ ಕೊಟ್ಟರು. ಆ ರೊಕ್ಕಕ್ಕೆ ಸಿಂಧನೂರಿನ ಅಂಗಡಿಯಲ್ಲಿ ಒಂದು ಕಾಳೂ ಸಿಗಲಿಲ್ಲ, ಅವರ ಕಾರ್ಡು ಲಿಂಗಸುಗೂರು ತಾಲೂಕಿನದು.

ಹೆಂಗಸರು ಹಿತ್ತಲಿನ ಗುಡ್ಡೆಗೆ ಹೋಗಿ ಕೂತರು. ಕೆಟ್ಟದ್ದರಲ್ಲೂ ಅರೆಪಾಲು ತಿನ್ನುವ ಹಾಗಿತ್ತು. ಆರಿಸಿ, ಊದಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡರು. ಕಾವಲಿನವನು ಬೇರೆ ಕಡೆ ನೋಡಿದ.

ನಾಕಾದಲ್ಲಿ ಶೇಕ್ಷಾವಲಿ ಬೇರೆ ಕಡೆ ನೋಡಲಿಲ್ಲ. "ಗಂಟು ಬಿಚ್ರವ್ವ" ಎಂದ.

"ಇದು ನುಸಿ ತಿಂದದ್ರೀ. ದನಕ್ಕ ಬಿಟ್ಟದ್ದು."

"ನನಗೂ ಕಾಣ್ತೈತಿ ಅಕ್ಕಾ. ಆದ್ರ ಕಾಳು ದಾಟಬಾರದು ಅಂತ ಹುಕುಂ. ನಿನ್ನಿ ಒಬ್ಬನ್ನ ಬಿಟ್ಟೆ ಅಂತ ನನ್ನ ಪಗಾರ ಹಿಡದಾರ. ನನ್ನ ಮನ್ಯಾಗೂ ಬಾಯಿ ಅದಾವ."

ಹೆಂಗಸರು ಗಂಟು ಬಿಚ್ಚಿ ಗುಡಿಸಲಿನ ಮುಂದಿನ ಗೋಣಿತಟ್ಟಿನ ಮೇಲೆ ಸುರಿದರು. ಒಬ್ಬಳು ಅತ್ತಳು. ಶೇಕ್ಷಾವಲಿ ಮುಖ ತಿರುಗಿಸಿ ಬೀಡಿ ಹಚ್ಚಿದ, ಸೇದಲಿಲ್ಲ.

ಆದೆಮ್ಮ ದಾಟಲಿಲ್ಲ. ಗಳದ ಪಕ್ಕ ಕೂತುಬಿಟ್ಟಳು. ಹಸಿವೆಗೆ ತಲೆ ಹಗುರಾಗಿತ್ತು. ಇಳಿಬಿಸಿಲಿಗೆ ಹಳ್ಳದ ಮರಳು ಅಲೆಯಾಡುತ್ತಿತ್ತು. ಆ ಅಲೆಯಲ್ಲಿ ಬೆಳ್ಳಿದಿನ್ನಿಯ ಕಡೆಯಿಂದ ಜನ ನಡೆದು ಬರುವುದು ಅವಳಿಗೆ ಕಂಡಿತು. ಮುದುಕರು, ಬಾಣಂತಿಯರು, ಕೈಯಲ್ಲಿ ಗಂಗಾಳ ಹಿಡಿದು, ಕಾಲು ನೆಲಕ್ಕೆ ತಾಗದ ಹಾಗೆ. ಯಾರ ಕೈಯಲ್ಲೂ ಒಂದು ಕಾಳಿಲ್ಲ. ಗಳ ತಾನಾಗಿ ಮೇಲೆದ್ದಿತ್ತು.

ಅವಳು ಕಣ್ಣುಜ್ಜಿದಳು. ದಾರಿ ಖಾಲಿಯಿತ್ತು.

"ಶೇಕ್ಷಣ್ಣಾ, ಕಾಳು ಅಷ್ಟ ದಾಟಬಾರದೇನ್ರಿ?"

"ಕಾಳು, ಹಿಟ್ಟು, ನುಚ್ಚು."

"ಮಂದಿ?"

"ಮಂದಿಗೆ ಯಾತರ ಪರ್ಮಿಟ್?"

"ಹಂಗಾರ ಆಚಿ ದಂಡಿಮ್ಯಾಗ ಅಂಬಲಿ ಕಾಸ್ತೀನಿ. ನಮ್ಮೂರವ್ರು ದಾಟಿ ಬಂದು ಕುಡದು ಹೋದ್ರ?"

ಬೀಡಿ ಶೇಕ್ಷಾವಲಿಯ ಬೆರಳ ನಡುವೆ ತಾನಾಗಿ ಉರಿದು ಮುಗಿಯಿತು. "ಹೊಟ್ಟ್ಯಾಗ ಏನೈತಿ ಅಂತ ನೋಡು ಅಂದಿಲ್ಲ ನನಗ ಯಾರೂ" ಎಂದ. ಆಮೇಲೆ ಎದ್ದು ಗೋಣಿತಟ್ಟಿನ ಜೋಳವನ್ನು ಒಂದೂ ಬಿಡದೆ ಗಂಟು ಕಟ್ಟಿ, ಸಿಂಧನೂರಿನ ದಡಕ್ಕೆ ತಾನೇ ಹೊತ್ತು ಇಟ್ಟು ಬಂದ.

ಮರುದಿನ ವೀರಭದ್ರಮ್ಮ ಮದುವೆಗಳಲ್ಲಿ ಒಲೆಗೇರುತ್ತಿದ್ದ ತಾಮ್ರದ ಕೊಪ್ಪರಿಗೆ ಉರುಳಿಸಿಕೊಂಡು ಬಂದಳು. ಹಿಂದೆ ಇಬ್ಬರು ಬೀಸುವ ಕಲ್ಲು ತಂದರು. ಹಳ್ಳದ ಮರಳು ತೋಡಿ ಒರತೆ ಮಾಡಿದರು. ಜೋಳ ನಾಲ್ಕು ನೀರಿನಲ್ಲಿ ತೊಳೆದು, ಒಣಗಿಸಿ, ಹುರಿದರು. ಹುರಿದಾಗ ಕೆಟ್ಟ ವಾಸನೆ ಹೊಗೆಯ ಜೊತೆ ಹೋಯಿತು. ಮೂರು ಕಲ್ಲಿನ ಮೇಲೆ ಅಂಬಲಿ ಕುದಿಯಿತು.

ಬೆಳಗಿನ ಮಂಜಿನಂಥ ಧೂಳಿನಲ್ಲಿ ಜನ ಬಂದರು. ಆದೆಮ್ಮ ಸೌಟು ಹಿಡಿದು ನಿಂತು ನೋಡಿದಳು. ಬರುವವರು ಮೊದಲು ನೆರಳಿನ ಹಾಗೆ, ಆಮೇಲೆ ಮೈಯಾಗಿ, ಆಮೇಲೆ ಮುಖವಾಗಿ ಕಾಣುತ್ತಿದ್ದರು. ಎಲ್ಲರೂ ಗಳದ ಕೆಳಗೆ ಬಗ್ಗಿ ದಾಟಿದರು. ಕುಡಿಯುವ ಸದ್ದು ಮಾತ್ರ, ಎಳೆಗರುಗಳು ಕುಡಿಯುವ ಹಾಗೆ. ಕುಡಿದವರು ಅಲ್ಲೇ ಮರಳಲ್ಲಿ ಸ್ವಲ್ಪ ಹೊತ್ತು ಮಲಗಿ, ಎದ್ದು, ಮತ್ತೆ ಗಳದ ಕೆಳಗೆ ಬಗ್ಗಿ ತಮ್ಮ ತಾಲೂಕಿಗೆ ಹೋದರು.

ಸುದ್ದಿ ಹರಡಿ ಸುತ್ತಲ ಹಳ್ಳಿಯವರೂ ಬರತೊಡಗಿದರು. ಗೊರೇಬಾಳದ ಕಡೆಯ ರೈತರು ಆ ದಾರಿಯಲ್ಲಿ ಹೋಗುವಾಗ ಬಂಡಿ ನಿಲ್ಲಿಸಿ, ಲೇವಿಗೆ ಒಯ್ಯುವ ಚೀಲದಿಂದ ಒಂದೆರಡು ಸೇರು ಸುರಿದು ಹೋಗುತ್ತಿದ್ದರು. ದಾರಿಯಲ್ಲಿ ಚೀಲ ಹರಿದಿತ್ತು ಎಂದು ಗೋದಾಮಿನಲ್ಲಿ ಹೇಳಿಕೊಂಡರಂತೆ.

ಒಂದು ದಿನ ಗಿರ್ದಾವರನ ಸೈಕಲ್ ಬಂತು. ಹೆಂಗಸರು ಕೊಪ್ಪರಿಗೆಯ ಸುತ್ತ ಒತ್ತಿ ನಿಂತರು. ಶೇಕ್ಷಾವಲಿ ಟೊಪ್ಪಿಗೆ ಸರಿಮಾಡಿಕೊಂಡು ಬಿಳುಚಿಹೋದ. ಗಿರ್ದಾವರ ಸೈಕಲ್ ಮರಳಲ್ಲಿ ಕೆಡವಿ, ಕೊಪ್ಪರಿಗೆಯನ್ನು ನೋಡಿದ, ಮಲಗಿದ ಜನರನ್ನು ನೋಡಿದ. ಅವನೂ ಬತ್ತಿದ್ದ.

"ಮಸ್ಕಿ ಅಂಗಡಿಗೆ ಮಾಲು ಯಾಕ ಬರಲಿಲ್ಲ ಸಾಹೇಬ್ರ?" ಎಂದು ಆದೆಮ್ಮ ಕೇಳಿದಳು. ಯಾಕೋ ಸಿಟ್ಟು ಬರಲಿಲ್ಲ. ತಿಳಿಯಬೇಕಿತ್ತು, ಅಷ್ಟೇ.

ಅವನು ಕೆಳಗೆ ಕೂತ. "ಹಗೇವಿನಿಂದ ತಗದ ಜ್ವಾಳ ಎಲ್ಲಾ ಒಂದ ವರ್ಷದ ಬೆಳಿ ಅಂತ ಮ್ಯಾಲಿನವ್ರು ಹಿಡದ್ರು. ಈ ಕಡೆ ಭಾಳ ಬೆಳಿತೈತಿ, ಇವರಿಗೆ ರೇಷನ್ ಬ್ಯಾಡ, ಲೇವಿ ಹೆಚ್ಚು ಮಾಡ್ರಿ ಅಂದ್ರು. ಅದು ಎಷ್ಟೋ ವರ್ಷದ ಕೂಡಿಕಿ ಅಂತ ನಾ ತಿಳಿಸಬೇಕಿತ್ತು. ನನಗ ಆಗ ಹೊಳೀಲಿಲ್ಲ. ಹೊಳದ ಮ್ಯಾಲ ಹೇಳಿದೆ, ಕೇಳವ್ರಿರಲಿಲ್ಲ."

ಆದೆಮ್ಮ ಅವನನ್ನು ನೋಡಿದಳು. ತಾನು ಮೇಲೆ ನಿಂತು, ಆಳದ ಹಗೇವಿನೊಳಗೆ ಕೂತವನೊಬ್ಬನನ್ನು ನೋಡುತ್ತಿರುವ ಹಾಗೆ ಅನಿಸಿತು. ಒಂದು ಗಂಗಾಳ ಅಂಬಲಿ ತುಂಬಿ ಮುಂದಿಟ್ಟಳು. "ನಮ್ಮಪ್ಪ ಹೋದ" ಎಂದಳು. ಅವನು ಗಂಗಾಳ ಎರಡೂ ಕೈಯಲ್ಲಿ ಹಿಡಿದು ಕೂತ. ಎಷ್ಟೋ ಹೊತ್ತಿನ ಮೇಲೆ ಕುಡಿದ.

ಹೋಗುವಾಗ ಶೇಕ್ಷಾವಲಿಗೆ ಏನೂ ಹೇಳಲಿಲ್ಲ. ಮರುದಿನದಿಂದ ಗೋದಾಮಿನ ಹಿತ್ತಲಿನ ಗುಡ್ಡೆ ಬಂಡಿಯಲ್ಲೇ ಹಳ್ಳದ ದಂಡೆಗೆ ಬರತೊಡಗಿತು, ದನದ ಮೇವು ಎಂಬ ಹೆಸರಿನಲ್ಲಿ. ಸ್ವಲ್ಪ ದಿನಕ್ಕೆ ಗಿರ್ದಾವರನಿಗೆ ವರ್ಗವಾಯಿತೆಂದು ಸುದ್ದಿ ಬಂತು.

ಅಂಬಲಿ ಎಲ್ಲರನ್ನೂ ಉಳಿಸಲಿಲ್ಲ. ನಡೆದು ಬರಲಾರದವರು ಮನೆಗಳಲ್ಲೇ ಉಳಿದರು, ಗಡಿಗೆಯಲ್ಲಿ ಹೊತ್ತು ಒಯ್ದದ್ದು ಕೆಲವರಿಗೆ ತಲುಪಿತು, ಕೆಲವರಿಗೆ ತಡವಾಯಿತು. ಊರು ಬಿಟ್ಟು ಹೋದ ಕೆಲವು ಮನೆಗಳ ಬಾಗಿಲು ಮತ್ತೆ ತೆರೆಯಲಿಲ್ಲ.

ಮೂರನೆಯ ವರ್ಷ ಮಳೆ ಬಂತು. ಮೊದಲ ಹನಿ ಬಿದ್ದಾಗ ಜನ ಹಳ್ಳದಲ್ಲೇ ಇದ್ದರು. ಯಾರೂ ಕುಣಿಯಲಿಲ್ಲ. ಕೊಪ್ಪರಿಗೆಗೆ ಮುಚ್ಚಳ ಹಾಕಿ, ಅದರ ಸುತ್ತ ಸುಮ್ಮನೆ ನೆನೆಯುತ್ತ ನಿಂತರು. ಅದರ ಮುಂದಿನ ವರ್ಷ ಜೋಳದ ಮೇಲಿನ ಕಟ್ಟುಪಾಡು ತೆಗೆದರು. ಲೇವಿ ಹೋಯಿತು, ನಾಕಾ ಹೋಯಿತು. ಶೇಕ್ಷಾವಲಿ ಗಳ ಕಿತ್ತು ಆದೆಮ್ಮನಿಗೆ ಕೊಟ್ಟು, ತನ್ನ ಹಾಸಿಗೆ ಸುತ್ತಿಕೊಂಡು ಊರಿಗೆ ಹೋದ. ಅವಳು ಅದನ್ನು ದಂಡೆಯ ಮೇಲಿನ ತನ್ನ ಚಪ್ಪರಕ್ಕೆ ತೊಲೆ ಮಾಡಿದಳು.

ಹೊನ್ನೂರಪ್ಪ ಹಟ್ಟಿಯಿಂದ ಮರಳಿದ. ಕೆಮ್ಮು ತಂದಿದ್ದ, ನಾಲ್ಕು ಕುರಿಗೆ ಆಗುವಷ್ಟು ರೊಕ್ಕವನ್ನೂ ತಂದಿದ್ದ. ವೀರಭದ್ರಮ್ಮ ಒಮ್ಮೆ ಹಗೇವು ತುಂಬಿಸಿದಳು, ಆದೆಮ್ಮನೇ ಇಳಿದು ಹುಲ್ಲು ಒತ್ತಿದಳು. ಬೇರೆ ಯಾರೂ ತುಂಬಿಸಲಿಲ್ಲ. ನೆಲದಲ್ಲಿಟ್ಟದ್ದು ಯಾವತ್ತು ಯಾರದಾಗುತ್ತದೋ ಎಂಬ ಅಂಜಿಕೆ ಉಳಿದುಬಿಟ್ಟಿತ್ತು. ರಾಶಿಯಾದ ಕೂಡಲೇ ಚೀಲಕ್ಕೆ ತುಂಬಿ ಮಸ್ಕಿಗೆ ಹೊಡೆದರು. ದಿಬ್ಬದ ಹಗೇವುಗಳು ಒಂದೊಂದಾಗಿ ಕುಸಿದವು.

ಆದೆಮ್ಮ ಹಳ್ಳದ ದಂಡೆ ಬಿಡಲಿಲ್ಲ. ಆ ದಾರಿಗೆ ಬಸ್ಸು ಬಂತು, ಅಂಬಲಿಗೆ ಅಲ್ಲಿ ನಿಲ್ಲತೊಡಗಿತು. ಆಮೇಲೆ ತುಂಗಭದ್ರೆಯ ಕಾಲುವೆ ತೋಡುವವರು ಬಂದರು. ಸಾವಿರಾರು ಮಂದಿ, ಹೆಚ್ಚಿನವರು ತೆಲುಗಿನವರು, ಕತ್ತೆ, ಬುಟ್ಟಿ, ಮಕ್ಕಳ ಸಮೇತ. ಸೀಮೆ ಮೈಸೂರಿಗೆ ಸೇರಿತೆಂದು ಸಿಂಧನೂರಿನಲ್ಲಿ ಸಕ್ಕರೆ ಹಂಚಿದ ದಿನವೂ ಅವರು ಮಣ್ಣು ಹೊತ್ತರು, ಮಧ್ಯಾಹ್ನ ಚಪ್ಪರಕ್ಕೆ ಬಂದರು.

ಅವರಲ್ಲಿ ಒಬ್ಬಳು ಎಳೆ ಬಾಣಂತಿ. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕುಡಿದು ಖಾಲಿ ಮಾಡಿದ ಗಂಗಾಳವನ್ನು ಮುಂದೆ ಚಾಚಿ, "ಇಂಕಾ ಕೊಂಚೆಂ" ಎಂದಳು.

ಆದೆಮ್ಮನಿಗೆ ಆ ಭಾಷೆ ಬರುತ್ತಿರಲಿಲ್ಲ. ಚಾಚಿದ ಕೈ ನೋಡಿ ತಿಳಿಯಿತು. "ಇಂಕಾ ಕೊಂಚೆಂ" ಎಂದು ತಾನೂ ಒಮ್ಮೆ ಅಂದು ನೋಡಿ, ಆ ಸದ್ದಿಗೆ ನಗು ಬಂದು, ಸೌಟನ್ನು ಕೊಪ್ಪರಿಗೆಯ ತಳದ ತನಕ ಇಳಿಸಿ ತುಂಬಿ ಸುರಿದಳು.